ಹಳೇ ಸೀಸೆ ಕೂಡಿಡುವವರಿಗೆ: ಬುಡ ನೋಡಿ, ಬಾಯಿ ನೋಡಿ, ಊರು ಬರೆದಿಡಿ

ಹಳೇ ಗಾಜು ಹುಡುಕುವವರಿಗೆ ಕೋಲಾರ ಜಿಲ್ಲೆಯಲ್ಲಿ ಒಂದು ದೊಡ್ಡ ಅನುಕೂಲ ಇದೆ. ಅದು ಕೆಜಿಎಫ್. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿನ ಚಿನ್ನದ ಗಣಿ ವಹಿಸಿಕೊಂಡಿತು. ಆಮೇಲೆ ಇಂಗ್ಲೆಂಡಿನಿಂದ ಎಂಜಿನಿಯರುಗಳು ಬಂದರು, ಅವರ ಸಂಸಾರಗಳು ಬಂದವು. ಅವರ ಸಾಸು, ಔಷಧಿ, ಶಾಯಿ, ಬಿಯರು, ಜಿನ್ನು ಎಲ್ಲವೂ ಗಾಜಿನ ಸೀಸೆಯಲ್ಲೇ ಬಂತು. ಖಾಲಿಯಾದ ಸೀಸೆಯನ್ನು ಆಗ ಯಾರೂ ಸುಮ್ನೆ ಎಸೆಯುತ್ತಿರಲಿಲ್ಲ. ಬಂಗಲೆಯಲ್ಲಿ ಖಾಲಿಯಾದದ್ದು ಕೆಲಸದವರ ಮನೆ ಸೇರಿತು. ಅಲ್ಲಿಂದ ಹರಳೆಣ್ಣೆ, ಸೀಮೆಎಣ್ಣೆ, ಜೇನುತುಪ್ಪ ತುಂಬಿಡಲು ಬೇತಮಂಗಲ, ಮುಳಬಾಗಿಲು, ಬಂಗಾರಪೇಟೆ ಕಡೆಯ ಹಳ್ಳಿಗಳಿಗೂ ಹೋಯಿತು.

2001ರಲ್ಲಿ ಗಣಿ ಮುಚ್ಚಿತು. ಎಷ್ಟೋ ಸಂಸಾರಗಳು ಊರು ಬಿಟ್ಟವು. ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನ ಸೀಸೆಗಳು ಗುಜರಿಗೆ ಹೋಗುತ್ತವೆ, ಅಲ್ಲಿ ಚೂರಾಗಿ ಕುಲುಮೆ ಸೇರುತ್ತವೆ. ಇದು ಇವತ್ತಿಗೂ ನಡೆಯುತ್ತಿದೆ. ಆದ್ದರಿಂದಲೇ ಈ ಹವ್ಯಾಸಕ್ಕೆ ಇನ್ನಷ್ಟು ಜನ ಬೇಕು ಅನ್ನೋದು ನನ್ನ ಆಸೆ. ದುಡ್ಡು ಜಾಸ್ತಿ ಬೇಕಿಲ್ಲ. ನೋಡುವ ಕಣ್ಣು ಬೇಕು, ಬರೆದಿಡುವ ಶಿಸ್ತು ಬೇಕು.

ಮೊದಲು ಒಂದು ದಾರಿ ಹಿಡಿಯಿರಿ

ಕಂಡ ಸೀಸೆಯೆಲ್ಲ ತಂದರೆ ಮನೆಯಲ್ಲಿ ಜಾಗ ಸಾಲದು, ತಿಳಿವಳಿಕೆಯೂ ಬೆಳೆಯದು. ಶುರುವಿನಲ್ಲಿ ಒಂದೇ ಜಾತಿ ಆರಿಸಿಕೊಳ್ಳಿ. ಸೋಡಾ ಸೀಸೆ, ಔಷಧಿ ಸೀಸೆ, ಶಾಯಿ ಕುಡಿಕೆ, ಸೆಂಟು ಮತ್ತು ಅತ್ತರಿನ ಪುಟ್ಟ ಸೀಸೆ, ದೀಪದ ಗಾಜು, ಹೀಗೆ ಯಾವುದಾದರೂ ಒಂದು. ನನ್ನನ್ನು ಕೇಳಿದರೆ ಔಷಧಿ ಸೀಸೆಯಿಂದ ಶುರು ಮಾಡಿ ಅನ್ನುತ್ತೇನೆ. ಸಿಗುವುದು ಸುಲಭ, ಇಡಲು ಜಾಗ ಕಡಿಮೆ ಸಾಕು. ಮೈಮೇಲೆ ಅಕ್ಷರ ಇರುವುದರಿಂದ ಕಾಲ ಗುರುತಿಸುವುದನ್ನು ಬೇಗ ಕಲಿಯಬಹುದು.

ನಮ್ಮ ಮನೆಗಳಲ್ಲೇ ಎಷ್ಟು ಬಗೆ ಇದ್ದವು ನೋಡಿ. ಮಕ್ಕಳಿಗೆ ಕುಡಿಸುತ್ತಿದ್ದ ವುಡ್‌ವರ್ಡ್ಸ್ ಗ್ರೈಪ್ ವಾಟರ್, 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ್ದು. ಬೆನ್ನ ಮೇಲೆ ಮೀನು ಹೊತ್ತ ಮನುಷ್ಯನ ಚಿತ್ರ ಉಬ್ಬಿ ನಿಂತಿರುವ ಸ್ಕಾಟ್ಸ್ ಎಮಲ್ಷನ್. ಹಾರ್ಲಿಕ್ಸ್ ಜಾಡಿ. ಈನೋ ಉಪ್ಪಿನ ಸೀಸೆ. ಕಡುನೀಲಿ ವಿಕ್ಸ್ ಡಬ್ಬಿ. ಇನ್ನೂ ಹಿಂದಕ್ಕೆ ಹೋದರೆ ಕಾಲಿಸ್ ಬ್ರೌನ್ ಕ್ಲೋರೋಡೈನ್. ಕಾಲಿಸ್ ಬ್ರೌನ್ ಇಲ್ಲಿನ ಬ್ರಿಟಿಷ್ ಸೈನ್ಯದಲ್ಲಿದ್ದ ವೈದ್ಯ, ಕಾಲರಾ ರೋಗಕ್ಕೆಂದು ಅಫೀಮು ಸೇರಿಸಿ ಮಾಡಿದ ಔಷಧಿ ಅದು. ಅಂಥ ಸೀಸೆ ಸಿಕ್ಕರೆ ಬಿಡಬೇಡಿ.

ಸರ್ಕಾರಿ ಆಸ್ಪತ್ರೆಗೆ ಮಿಕ್ಸ್ಚರ್ ತರಲು ಮನೆಯಿಂದಲೇ ಸೀಸೆ ಒಯ್ಯುತ್ತಿದ್ದ ಕಾಲ ಹಿರಿಯರಿಗೆ ಚೆನ್ನಾಗಿ ನೆನಪಿರುತ್ತದೆ. ಆ ಚಪ್ಪಟೆ ಸೀಸೆಗಳ ಪಕ್ಕದಲ್ಲಿ ಒಂದು ಸಲಕ್ಕೆ ಎಷ್ಟು ಕುಡಿಯಬೇಕು ಅನ್ನುವ ಗೆರೆಗಳು ಇರುತ್ತವೆ. ಕೆಲವಕ್ಕೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿರುತ್ತಾರೆ. ಪಟ್ಟಿ ಉಳಿದಿರುವ ಸೀಸೆ ತುಂಬ ಅಪರೂಪ.

ಎಲ್ಲಿ ಹುಡುಕಬೇಕು

ಮೊದಲ ಜಾಗ ನಿಮ್ಮ ಮನೆಯ ಅಟ್ಟ. ಆಮೇಲೆ ಅಜ್ಜಿ ಮನೆ, ನೆಂಟರ ಮನೆ, ಹಳೇ ನಾಟಿ ವೈದ್ಯರ ಮನೆ, ಮುಚ್ಚಿಹೋದ ಕಿರಾಣಿ ಅಂಗಡಿ. ದೊಡ್ಡವರ ಹತ್ತಿರ ಕೇಳುವಾಗ "ಹಳೇ ಬಾಟ್ಲಿ ಇದೆಯಾ" ಅಂದರೆ ಇಲ್ಲ ಅನ್ನುತ್ತಾರೆ. "ಅಜ್ಜಿ, ಹರಳೆಣ್ಣೆ ಯಾವುದರಲ್ಲಿ ಇಡ್ತಿದ್ರಿ? ಅದು ಇನ್ನೂ ಇದೆಯಾ?" ಅಂತ ಕೇಳಿ. ಆಗ ನೆನಪು ಬರುತ್ತದೆ, ಸೀಸೆ ಹೊರಗೆ ಬರುತ್ತದೆ.

ಎರಡನೆಯದು ಗುಜರಿ ಅಂಗಡಿ. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಬಂಗಾರಪೇಟೆ, ಕೋಲಾರ, ಎಲ್ಲ ಕಡೆ ಗುಜರಿ ಇದೆ. ಅಲ್ಲಿನ ಲೆಕ್ಕಾಚಾರ ಸ್ವಲ್ಪ ಅರ್ಥ ಮಾಡಿಕೊಳ್ಳಿ. ಈಗಿನ ಬಿಯರ್ ಬಾಟ್ಲಿ ಪೂರ್ತಿ ಇದ್ದರೆ ಮತ್ತೆ ತುಂಬಲು ಹೋಗುತ್ತದೆ, ಅದಕ್ಕೆ ಬೆಲೆ ಇದೆ. ವಿಚಿತ್ರ ಆಕಾರದ ಹಳೇ ಸೀಸೆಯನ್ನು ಯಾವ ಫ್ಯಾಕ್ಟರಿಯೂ ಕೊಳ್ಳುವುದಿಲ್ಲ. ಹಾಗಾಗಿ ಅದನ್ನೇ ಮೊದಲು ಒಡೆದು ಚೂರಿನ ಮೂಟೆಗೆ ಹಾಕುತ್ತಾರೆ. ಅಂದರೆ ನಮಗೆ ಬೇಕಾದದ್ದೇ ಮೊದಲು ಹೋಗುತ್ತದೆ. ಅಂಗಡಿಯವರ ಪರಿಚಯ ಮಾಡಿಕೊಂಡು, "ಅಣ್ಣ, ಮೇಲೆ ಅಕ್ಷರ ಇರೋದು, ಬಣ್ಣದ್ದು, ಗೋಲಿ ಇರೋದು ಏನೇ ಬಂದ್ರೂ ಒಡೀಬೇಡಿ, ಪಕ್ಕಕ್ಕಿಡಿ, ನಾನು ತಗೋತೀನಿ" ಅಂತ ಹೇಳಿಡಿ. ಚೂರಿನ ರೇಟಿಗಿಂತ ಜಾಸ್ತಿ ಕೊಡಿ, ಪ್ರತಿ ಸಲವೂ ಏನಾದರೊಂದು ಕೊಳ್ಳಿ. ಕೆಜಿಎಫ್ ಗುಜರಿಗಳಲ್ಲಿ ನಾಲ್ಕು ಮಾತು ತಮಿಳು ಬಂದರೆ ಕೆಲಸ ಇನ್ನೂ ಸಲೀಸು.

ಬೆಂಗಳೂರಿನ ಸಂಡೇ ಬಜಾರ್, ಶಿವಾಜಿನಗರದ ಗುಜರಿ ಸಾಲು ಕೂಡ ನೋಡಬೇಕಾದವೇ. ಕೆಜಿಎಫ್‌ನ ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿದರೆ ಹೋಗಿಬರುವುದು ಕಷ್ಟವಲ್ಲ. ಆದರೆ ಅಲ್ಲಿ ಸಿಗುವ ಸೀಸೆ ಎಲ್ಲಿಂದ ಬಂತು ಅನ್ನುವುದು ಗೊತ್ತಾಗುವುದಿಲ್ಲ. ಬೆಲೆಯೂ ಜಾಸ್ತಿ.

ಅಗೆಯಲು ಹೋಗಬೇಡಿ

ಇಂಗ್ಲೆಂಡ್, ಅಮೆರಿಕದಲ್ಲಿ ಹಳೇ ತಿಪ್ಪೆಗುಂಡಿ ಅಗೆದು ಸೀಸೆ ತೆಗೆಯುವ ಹವ್ಯಾಸ ಇದೆ. ಅದರ ವಿಡಿಯೊ ನೋಡಿ ಕೆಜಿಎಫ್‌ನಲ್ಲಿ ಹಾರೆ ಹಿಡಿಯುವ ಆಸೆ ಬರಬಹುದು. ಬೇಡ. ಗಣಿ ಜಮೀನು ಸುಮ್ನೆ ಬಿದ್ದಿರುವಂತೆ ಕಂಡರೂ ಅದಕ್ಕೆ ಒಡೆಯರಿದ್ದಾರೆ. ಒಳಗೆ ಕಾಲಿಡಲೂ ಅನುಮತಿ ಬೇಕು. ಗಣಿಯೊಳಗೆ ಇಳಿಯಲು ತೋಡಿದ ಹಳೇ ಶಾಫ್ಟುಗಳ ಬಾಯಿ ಎಲ್ಲಿ ಕುಸಿಯುತ್ತದೆ ಅಂತ ಮೇಲಿಂದ ಗೊತ್ತಾಗುವುದಿಲ್ಲ. ಬೂದು ಬಣ್ಣದ ಸೈನೈಡ್ ದಿಬ್ಬಗಳು ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹುಡಿ. ಅದನ್ನು ಕೆದಕಿ ಧೂಳು ಕುಡಿಯುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಕೋಟೆ, ಗುಡಿ, ಕಲ್ಯಾಣಿ ಇರುವ ಜಾಗದಲ್ಲಂತೂ ಒಂದು ಗುದ್ದಲಿ ಮಣ್ಣೂ ತೆಗೆಯಬಾರದು. ಸಂರಕ್ಷಿತ ಜಾಗದಲ್ಲಿ ಅಗೆಯುವುದು ಅಪರಾಧ. ನೆಲದಡಿ ಸಿಗುವ ಬೆಲೆಬಾಳುವ ವಸ್ತುಗಳಿಗೆ ಬೇರೆಯೇ ನಿಧಿ ಕಾನೂನು ಇದೆ.

ತೋಟದಲ್ಲಿ ಪಾಯ ತೋಡುವಾಗ, ಬಾವಿ ಹೂಳೆತ್ತುವಾಗ ತಾನಾಗೇ ಸೀಸೆ ಹೊರಬಂದರೆ ಅದು ಬೇರೆ ಮಾತು. ಜಮೀನಿನವರನ್ನು ಕೇಳಿ, ಅವರು ಕೊಟ್ಟರೆ ತೆಗೆದುಕೊಳ್ಳಿ. ಎಷ್ಟು ಆಳದಲ್ಲಿ, ಏನೇನರ ಜೊತೆ ಸಿಕ್ಕಿತು ಅನ್ನುವುದನ್ನು ಅಲ್ಲೇ ಬರೆದುಕೊಳ್ಳಿ.

ಸೀಸೆ ಕೈಗೆ ಬಂದಾಗ

ಎಲ್ಲರೂ ಮೊದಲು ಅಕ್ಷರ ಓದುತ್ತಾರೆ. ನೀವು ತಲೆಕೆಳಗು ಮಾಡಿ ಬುಡ ನೋಡಿ.

ಬುಡದ ನಡುವೆ ಒರಟಾಗಿ ಮುರಿದಂತೆ ಒಂದು ಗಾಯದ ಗುರುತು ಇದ್ದರೆ ಅದಕ್ಕೆ ಪಾಂಟಿಲ್ ಗುರುತು ಅನ್ನುತ್ತಾರೆ. ಗಾಜು ಊದಿದ ಮೇಲೆ ಬಾಯಿ ತಿದ್ದಬೇಕಲ್ಲ, ಆಗ ಸೀಸೆಯನ್ನು ಹಿಡಿದುಕೊಳ್ಳಲು ಬುಡಕ್ಕೆ ಒಂದು ಕಬ್ಬಿಣದ ಸರಳು ಅಂಟಿಸುತ್ತಿದ್ದರು. ಕೆಲಸ ಮುಗಿದ ಮೇಲೆ ತಟ್ಟಿ ಮುರಿಯುತ್ತಿದ್ದರು. ಉಳಿದದ್ದೇ ಆ ಗಾಯ. 1850ರ ದಶಕದಿಂದ ಸೀಸೆಯ ಮೈಯನ್ನೇ ಹಿಡಿಯುವ ಇಕ್ಕಳದಂಥ ಸಾಧನ ಬಂತು, ಸರಳು ಬೇಡವಾಯಿತು. ಹಾಗಾಗಿ ವಿಲಾಯತಿ ಸೀಸೆಯ ಬುಡದಲ್ಲಿ ಪಾಂಟಿಲ್ ಗಾಯ ಇದ್ದರೆ ಅದು ಬಹುಪಾಲು 1860ರ ದಶಕಕ್ಕಿಂತ ಹಿಂದಿನದು. ಇದು ಸೀಸೆಗೆ ಮಾತ್ರ ಹೊಂದುವ ಲೆಕ್ಕ. ಹೂದಾನಿ, ಲೋಟದಂಥ ಕೈಯಿಂದ ಊದಿದ ಗಾಜಿನಲ್ಲಿ ಪಾಂಟಿಲ್ ಇವತ್ತಿಗೂ ಇರುತ್ತದೆ.

ಬುಡದಲ್ಲಿ ನಡುವಿನಿಂದ ಸ್ವಲ್ಪ ಸರಿದಂತೆ ತೆಳ್ಳಗಿನ ಒಂದು ದೊಡ್ಡ ವೃತ್ತದ ಗೀರು ಕಂಡರೆ ಅದು ಯಂತ್ರದ ಗುರುತು. ಮೈಕೇಲ್ ಓವೆನ್ಸ್ ಅನ್ನುವ ಅಮೆರಿಕದವರು 1903ರ ಸುಮಾರಿಗೆ ಮಾಡಿದ ಪೂರ್ತಿ ಸ್ವಯಂಚಾಲಿತ ಯಂತ್ರ ಕರಗಿದ ಗಾಜನ್ನು ಹೀರಿಕೊಂಡು ಕತ್ತರಿಸುವಾಗ ಇಂಥ ಗೀರು ಬಿಡುತ್ತಿತ್ತು.

ಈಗ ಪಕ್ಕಕ್ಕೆ ಬನ್ನಿ. ಬೆಳಕಿಗೆ ಹಿಡಿದು ಉಗುರಿನಿಂದ ಮೆಲ್ಲಗೆ ಸವರಿ. ಅಚ್ಚಿನ ಎರಡು ಹೋಳು ಕೂಡಿದ ಕಡೆ ಒಂದು ಉದ್ದ ಗೆರೆ ಸಿಗುತ್ತದೆ. ಆ ಗೆರೆ ಎಲ್ಲಿ ನಿಲ್ಲುತ್ತದೆ ಅನ್ನುವುದೇ ಮುಖ್ಯ. ಗೆರೆ ಬಾಯಿಯ ಅಂಚು ದಾಟಿ ಮೇಲೆ ಹೋಗಿದ್ದರೆ ಬಾಯಿ ಸಮೇತ ಯಂತ್ರದಲ್ಲೇ ಆದದ್ದು. ಕತ್ತಿನಲ್ಲೇ ನಿಂತು, ಅದರ ಮೇಲೆ ನುಣುಪಾಗಿದ್ದರೆ ಬಾಯಿಯನ್ನು ಕೈಯಿಂದ ತಿದ್ದಿದ್ದಾರೆ. ಇನ್ನೂ ಹಳೆಯದರಲ್ಲಿ ಬಾಯಿಗೆ ಬೇರೆ ಗಾಜಿನ ಸುರುಳಿ ಸುತ್ತಿ ಅಂಟಿಸಿರುತ್ತಾರೆ. ಕತ್ತಿನ ಮೇಲೆ ಆ ಗಾಜು ಒಂಚೂರು ಇಳಿದು ನಿಂತಿರುವುದು ಕಾಣುತ್ತದೆ, ಬೆರಳಿಗೂ ತಗಲುತ್ತದೆ. ಗೆರೆಯೇ ಇಲ್ಲದೆ ಮೈತುಂಬ ಅಡ್ಡಡ್ಡ ಸಣ್ಣ ಗೀರು ಇದ್ದರೆ ಅಚ್ಚಿನೊಳಗೆ ತಿರುಗಿಸಿ ತೆಗೆದದ್ದು. ವೈನ್ ಸೀಸೆಗಳಲ್ಲಿ ಇದು ಜಾಸ್ತಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇಂಟರ್‌ನೆಟ್‌ನಲ್ಲಿ ಸಿಗುವ ಕಾಲಪಟ್ಟಿಗಳು ಬಹುಪಾಲು ಅಮೆರಿಕದವು. ಕೈಯಿಂದ ತಿದ್ದಿದ ಬಾಯಿ ಇದ್ದರೆ 1915ಕ್ಕಿಂತ ಹಳೆಯದು ಅಂತ ಅವು ಹೇಳುತ್ತವೆ. ಅದನ್ನು ನಮ್ಮ ಸೀಸೆಗಳಿಗೆ ಹಾಗೇ ಹಚ್ಚಬಾರದು. ನಮ್ಮ ದೇಶದಲ್ಲಿ ಗಾಜಿನ ಕಾರ್ಖಾನೆಗಳು ಬೇರೂರಿದ್ದೇ ತಡವಾಗಿ. ಪುಣೆ ಹತ್ತಿರದ ತಳೇಗಾಂವ್‌ನಲ್ಲಿ ಪೈಸಾ ಫಂಡ್ ಕಾರ್ಖಾನೆ ಶುರುವಾದದ್ದು 1908ರಲ್ಲಿ, ಕರಾಡ್ ಹತ್ತಿರದ ಓಗಲೆ ಕಾರ್ಖಾನೆ 1916ರಲ್ಲಿ. ಯಂತ್ರ ಬಂದ ಮೇಲೂ ಹಲವು ಕಡೆ ಕೈಕೆಲಸ ದಶಕಗಳ ಕಾಲ ನಡೆಯಿತು. ಹಾಗಾಗಿ ಗೆರೆ ಕತ್ತಿನಲ್ಲಿ ನಿಂತ ಭಾರತದ ಸೀಸೆ 1940ರ ದಶಕದ್ದೂ ಆಗಿರಬಹುದು. ಮಾರುವವರು "ನೂರು ವರ್ಷದ್ದು ಸಾರ್" ಅಂದಾಗ ಇದು ನೆನಪಿರಲಿ.

ನಮ್ಮ ಸೀಸೆಗಳ ಕಾಲ ಹೇಳುವುದಕ್ಕೆ ನಮ್ಮದೇ ಗುರುತುಗಳಿವೆ. ನಾನು ಹೆಚ್ಚು ನಂಬುವುದು ಇವನ್ನೇ. ಚೀಟಿಯಲ್ಲಿ ಬೆಲೆ ಆಣೆಯಲ್ಲಿದ್ದರೆ ಅದು 1957ಕ್ಕಿಂತ ಹಿಂದಿನದು, ಯಾಕಂದರೆ ಆ ವರ್ಷ ನಯಾ ಪೈಸೆ ಬಂತು. ಅಳತೆ ಔನ್ಸ್, ಡ್ರಾಮ್‌ನಂಥ ಹಳೇ ಇಂಗ್ಲಿಷ್ ಲೆಕ್ಕದಲ್ಲಿದ್ದರೆ ಹೆಚ್ಚಾಗಿ 1960ರ ದಶಕಕ್ಕೆ ಮುಂಚಿನದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಮೇಲಿನದು. ಮೈಸೂರು ಸ್ಟೇಟ್ ಅಂತಿದ್ದರೆ 1973ಕ್ಕಿಂತ ಮುಂಚೆ. ಬಂಗಾರಪೇಟೆಗೆ ಅದರ ಹಳೇ ಹೆಸರು ಬೌರಿಂಗ್‌ಪೇಟೆ ಅಂತ ಬರೆದಿದ್ದರೆ ಇನ್ನೂ ಹಿಂದಕ್ಕೆ ಹೋಗಬಹುದು. ಬುಡದಲ್ಲಿ ಯು.ಜಿ.ಬಿ. ಅಂತ ಮೂರಕ್ಷರ ಇದ್ದರೆ ಅದು 1913ರಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳು ಕೂಡಿ ಮಾಡಿಕೊಂಡ ಯುನೈಟೆಡ್ ಗ್ಲಾಸ್ ಬಾಟಲ್ ಕಂಪನಿಯದು.

ಬಣ್ಣದಿಂದ ಕಾಲ ಹೇಳುವುದು ಕಷ್ಟ, ಆದರೂ ಕೆಲವು ಸುಳಿವು ಸಿಗುತ್ತವೆ. ಮರಳಿನಲ್ಲಿರುವ ಕಬ್ಬಿಣದ ಅಂಶದಿಂದ ಗಾಜು ತಾನಾಗೇ ತಿಳಿಹಸಿರು ಅಥವಾ ನೀರುನೀಲಿ ಆಗುತ್ತದೆ. ಕಪ್ಪು ಗಾಜು ಅನ್ನುವುದು ನಿಜಕ್ಕೂ ಕಪ್ಪಲ್ಲ. ಮೊಬೈಲ್ ಟಾರ್ಚ್ ಹಿಡಿದರೆ ಕಡು ಆಲಿವ್ ಹಸಿರೋ ಕಂದೋ ಕಾಣುತ್ತದೆ. ಬುಡದ ಕಡೆ ಕಿರಿದಾಗುವ ಚೌಕದ ಡಚ್ ಜಿನ್ ಸೀಸೆಗಳು ಈ ಗಾಜಿನವು. ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ಜೋಡಿಸಲು ಆ ಆಕಾರ. ವಿಷದ ಸೀಸೆಗಳು ಕಡುನೀಲಿ ಅಥವಾ ಹಸಿರು, ಮೈಮೇಲೆ ಏಣುಗಳು, ಜೊತೆಗೆ ನಾಟ್ ಟು ಬಿ ಟೇಕನ್ (ಕುಡಿಯಬಾರದು) ಅನ್ನುವ ಬರಹ. ಕತ್ತಲಲ್ಲಿ ಔಷಧಿ ಅಂತ ತಪ್ಪಾಗಿ ಎತ್ತಿಕೊಂಡರೂ ಬೆರಳಿಗೆ ತಿಳಿಯಲಿ ಅಂತ ಆ ಏಣು. ಇಷ್ಟು ಕಾಳಜಿಯಿಂದ ಮಾಡಿದ ವಸ್ತು ಕೈಗೆ ಬಂದಾಗ ನನಗೆ ಈಗಲೂ ಖುಷಿಯಾಗುತ್ತದೆ.

ಬಣ್ಣವಿಲ್ಲದ ಗಾಜು ತಿಳಿನೇರಳೆಗೆ ತಿರುಗಿದ್ದರೆ ಅದರಲ್ಲಿ ಮ್ಯಾಂಗನೀಸ್ ಇದೆ. ಹಸಿರು ಛಾಯೆ ಕಳೆಯಲು 1880ರ ದಶಕದಿಂದ ಮೊದಲ ಮಹಾಯುದ್ಧದವರೆಗೆ ಇದನ್ನು ತುಂಬಾ ಬಳಸುತ್ತಿದ್ದರು. ವರ್ಷಾನುಗಟ್ಟಲೆ ಬಿಸಿಲಿಗೆ ಬಿದ್ದರೆ ನೇರಳೆ ಬಣ್ಣ ಬರುತ್ತದೆ.

ಸೋಡಾ ಸೀಸೆ

ಗೋಲಿ ಸೋಡಾ ಎಲ್ಲರಿಗೂ ಗೊತ್ತು. ಈ ಸೀಸೆಯನ್ನು 1872ರಲ್ಲಿ ಪೇಟೆಂಟ್ ಮಾಡಿಸಿದವರು ಹೈರಮ್ ಕಾಡ್ ಅನ್ನುವ ಇಂಗ್ಲಿಷ್ ಎಂಜಿನಿಯರ್. ಒಳಗಿನ ಗ್ಯಾಸು ಗೋಲಿಯನ್ನು ಮೇಲಕ್ಕೆ ಒತ್ತಿ ರಬ್ಬರ್ ಬಳೆಗೆ ಕಚ್ಚಿಸುತ್ತದೆ. ಬೇರೆ ಬಿರಡೆಯೇ ಬೇಡ. ಸುರಿಯುವಾಗ ಗೋಲಿ ಅಡ್ಡ ಬರಬಾರದು ಅಂತ ಕತ್ತಿನಲ್ಲಿ ಎರಡು ಗುಳಿ. ಗೋಲಿಯಾಟಕ್ಕಾಗಿ ಮಕ್ಕಳು ಒಡೆದದ್ದೇ ಜಾಸ್ತಿ, ಅದಕ್ಕೇ ಹಳೆಯದು ಪೂರ್ತಿ ಸಿಗುವುದು ಕಡಿಮೆ.

ಕಾಡ್‌ಗಿಂತ ಮುಂಚೆ ಇನ್ನೊಂದು ಸೀಸೆ ಇತ್ತು, ಬುಡ ಮೊಟ್ಟೆಯಂತೆ ಗುಂಡಗೆ, ನಿಲ್ಲಿಸಲು ಆಗುವುದೇ ಇಲ್ಲ. 19ನೇ ಶತಮಾನದ ಆರಂಭದ ಈ ಮಾದರಿಗೆ ಹ್ಯಾಮಿಲ್ಟನ್ ಸೀಸೆ ಅನ್ನುತ್ತಾರೆ. ನಿಲ್ಲಿಸಿದರೆ ಕಾರ್ಕ್ ಒಣಗಿ ಕುಗ್ಗುತ್ತದೆ, ಗ್ಯಾಸು ಹೋಗುತ್ತದೆ. ಮಲಗಿಸಿಟ್ಟರೆ ಕಾರ್ಕ್ ಒದ್ದೆಯಾಗಿ ಬಿಗಿಯಾಗೇ ಇರುತ್ತದೆ. 1892ರಲ್ಲಿ ವಿಲಿಯಂ ಪೇಂಟರ್ ತಗಡಿನ ಮುಚ್ಚಳ ಕಂಡುಹಿಡಿದ ಮೇಲೆ ಇವೆಲ್ಲ ಒಂದೊಂದಾಗಿ ಹಿಂದೆ ಸರಿದವು. ನಮ್ಮಲ್ಲಿ ಗೋಲಿ ಮಾತ್ರ ಉಳಿದುಕೊಂಡಿತು.

ಗೋಲಿ ಸೀಸೆಗಳಲ್ಲಿ ಬೆಲೆ ಬರುವುದು ಊರಿನ ಹೆಸರಿಗೆ. ಸುಮ್ನೆ ಬೋಳು ಸೀಸೆ ಎಷ್ಟು ಬೇಕಾದರೂ ಸಿಗುತ್ತದೆ. ಮೈಮೇಲೆ ಸೋಡಾ ಫ್ಯಾಕ್ಟರಿ ಹೆಸರು, ಅದರ ಕೆಳಗೆ ಕೋಲಾರ, ಬೌರಿಂಗ್‌ಪೇಟೆ, ಚಿಂತಾಮಣಿ, ತುಮಕೂರು ಹೀಗೆ ಯಾವುದಾದರೂ ಊರಿದ್ದರೆ ಅದು ಚರಿತ್ರೆಯ ತುಣುಕು. ಸಣ್ಣ ಊರಿನ ಸೋಡಾ ಫ್ಯಾಕ್ಟರಿಗೆ ಬೇರೆ ದಾಖಲೆಯೇ ಉಳಿದಿರುವುದಿಲ್ಲ. ಇಂಥದ್ದು ಬಾಯಿ ಸೀಳಿದ್ದರೂ ತೆಗೆದುಕೊಳ್ಳಿ.

ಊದಿದ ಗಾಜು: ಲೋಟ, ಡಿಕ್ಯಾಂಟರ್, ಚಿಮಣಿ

ಕೊಳವೆಯಿಂದ ಗಾಜು ಊದುವ ಕಲೆ ಸುಮಾರು ಎರಡು ಸಾವಿರ ವರ್ಷ ಹಿಂದೆ ಸಿರಿಯಾ, ಪ್ಯಾಲೆಸ್ಟೈನ್ ಕಡೆ ಹುಟ್ಟಿತು. ನಮ್ಮ ಸೀಮೆಯ ಹಳೇ ಗಾಜು ಅಂದರೆ ಬಳೆ ಮತ್ತು ಮಣಿ. ಚಿತ್ರದುರ್ಗ ಜಿಲ್ಲೆಯ ಮತ್ತೋಡು ಗಾಜಿನ ಬಳೆಗೆ ಹೆಸರಾಗಿತ್ತು. ಊದಿದ ಪಾತ್ರೆಗಳು ಬಹುಪಾಲು ಹೊರಗಿನಿಂದ ಬಂದವು. ಇಂಗ್ಲೆಂಡ್, ಬೆಲ್ಜಿಯಂ, ಬೊಹೀಮಿಯಾ ಮೊದಲು. ಮೊದಲ ಮಹಾಯುದ್ಧದಲ್ಲಿ ಆ ದಾರಿ ಮುಚ್ಚಿದಾಗ ಜಪಾನಿನ ಗಾಜು ತುಂಬಿಕೊಂಡಿತು.

ಊದಿದ್ದೋ ಅಚ್ಚಿನಲ್ಲಿ ಒತ್ತಿದ್ದೋ ಅಂತ ತಿಳಿಯಲು ಒಳಗೆ ಬೆರಳು ಹಾಕಿ ನೋಡಿ. ಅಚ್ಚಿನೊಳಗೆ ಊದಿದ್ದರೆ ಹೊರಗಿನ ಉಬ್ಬುತಗ್ಗು ಒಳಗೂ ತಗಲುತ್ತದೆ. ಒತ್ತಿದ್ದರೆ ಒಳಗೆ ನುಣುಪು. ಊದಿದ್ದರಲ್ಲಿ ದಪ್ಪ ಒಂದೇ ಸಮ ಇರುವುದಿಲ್ಲ. ಸೊಡರಿನ ಮುಂದೆ ತಿರುಗಿಸಿದರೆ ಗಾಜಿನೊಳಗೆ ಸುರುಳಿ ಗೆರೆ ಓಡುತ್ತದೆ. ಹಳೇ ಡಿಕ್ಯಾಂಟರ್, ಅಂದರೆ ಮದ್ಯ ಬಗ್ಗಿಸಿಡುವ ಬಿರಡೆಯ ಗಾಜಿನ ಪಾತ್ರೆ, ಸೀಸ (ಲೆಡ್) ಬೆರೆತ ಗಾಜಿನದಾಗಿದ್ದರೆ ಕೈಗೆ ಭಾರ, ಉಗುರಿನಿಂದ ಮೆಲ್ಲಗೆ ತಟ್ಟಿದರೆ ನಾದ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅದರ ಗಾಜಿನ ಬಿರಡೆಯನ್ನು ಆ ಬಾಯಿಗೇ ಉಜ್ಜಿ ಕೂರಿಸಿರುತ್ತಾರೆ. ಬಿರಡೆ ಅಲುಗಾಡಿದರೆ ಅದು ಬೇರೆ ಡಿಕ್ಯಾಂಟರಿನದು. ಕೆಲವು ಜೋಡಿಗಳಲ್ಲಿ ಬಿರಡೆಗೂ ಕತ್ತಿಗೂ ಒಂದೇ ನಂಬರ್ ಕೆತ್ತಿರುತ್ತಾರೆ.

ಕೆಜಿಎಫ್‌ಗೆ ಶಿವನಸಮುದ್ರದಿಂದ ಕರೆಂಟು ಬಂದದ್ದು 1902ರಲ್ಲಿ, ಏಷ್ಯಾದಲ್ಲೇ ಬಹಳ ಮುಂಚೆ. ಅದಕ್ಕಿಂತ ಹಿಂದೆ ಬಂಗಲೆಗಳಲ್ಲೂ ಸೀಮೆಎಣ್ಣೆ ದೀಪವೇ. ಹಳ್ಳಿಗಳಲ್ಲಿ ಲಾಟೀನು ಇನ್ನೂ ಎಷ್ಟೋ ದಶಕ ಇತ್ತು. ಆದ್ದರಿಂದ ಚಿಮಣಿ, ಬಣ್ಣದ ಶೇಡು, ಗಾಜಿನ ಎಣ್ಣೆ ಬುರುಡೆ ನಮ್ಮ ಕಡೆ ಸಿಗುತ್ತವೆ. ಓಗಲೆಯವರ ಪ್ರಭಾಕರ್ ಲಾಟೀನಿನ ಗಾಜು ಸಿಕ್ಕರೆ ಅದು ಸ್ವದೇಶಿ ಕಾಲದ ಒಳ್ಳೇ ಗುರುತು.

ನಕಲಿ ಗುರುತಿಸುವುದು

ಗಾಜಿನಲ್ಲಿ ಗುಳ್ಳೆ ಇದ್ದರೆ ಹಳೆಯದು ಅನ್ನುವ ನಂಬಿಕೆ ಬಿಟ್ಟುಬಿಡಿ. ಇವತ್ತೂ ಫಿರೋಜಾಬಾದ್‌ನಲ್ಲಿ ಕೈಯಿಂದ ಊದುತ್ತಾರೆ, ಬೇಕಂತಲೇ ಗುಳ್ಳೆ ಬಿಡುತ್ತಾರೆ. ಬುಡದ ಸವೆತ ನೋಡಿ. ಹತ್ತಾರು ವರ್ಷ ಬಳಸಿದ ಸೀಸೆ ನೆಲಕ್ಕೆ ತಾಕುವ ಅಂಚಿನಲ್ಲಿ ಮಾತ್ರ ಸವೆದಿರುತ್ತದೆ, ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಉಪ್ಪುಕಾಗದದಿಂದ ಉಜ್ಜಿದ್ದರೆ ಗೀರುಗಳು ಒಂದೇ ಕಡೆಗೆ ಸಾಲಾಗಿ ಹೋಗುತ್ತವೆ. ಹತ್ತು ಪಟ್ಟು ದೊಡ್ಡದು ಮಾಡುವ ಅಕ್ಕಸಾಲಿಗರ ಭೂತಗನ್ನಡಿ ಒಂದು ಇಟ್ಟುಕೊಳ್ಳಿ.

ಕಡುನೇರಳೆ ಸೀಸೆ ಕಂಡರೆ ಅನುಮಾನ ಪಡಿ. ಬಿಸಿಲಿನಿಂದ ಬರುವ ನೇರಳೆ ಬಹಳ ತಿಳಿ. ಕಿರಣ ಹಾಯಿಸಿ ಬಣ್ಣ ಏರಿಸಿದ್ದರೆ ಮಾತ್ರ ಅಷ್ಟು ಗಾಢ. ಕಡುನೀಲಿ, ಕೆಂಪು, ಹಳದಿ ಗೋಲಿ ಸೀಸೆಗಳೂ ಶೋಕೇಸಿಗೆಂದು ಹೊಸದಾಗಿ ಮಾಡಿದವೇ ಇರುತ್ತವೆ. ಬೆಲ್ಜಿಯಂ ಗ್ಲಾಸ್ ಅನ್ನುವ ಮಾತು ನಮ್ಮ ಮಾರುಕಟ್ಟೆಯಲ್ಲಿ ಎಲ್ಲ ಬಣ್ಣದ ಗಾಜಿಗೂ ಅಂಟಿದೆ, ಅದಕ್ಕೆ ದುಡ್ಡು ಕೊಡಬೇಡಿ.

ಅಲ್ಟ್ರಾವಯಲೆಟ್ ಟಾರ್ಚ್ ಕಡಿಮೆ ಬೆಲೆಗೆ ಸಿಗುತ್ತದೆ. ಕತ್ತಲೆಯಲ್ಲಿ ಹಿಡಿದಾಗ ಮ್ಯಾಂಗನೀಸ್ ಗಾಜು ಮಂದ ಹಸಿರು ಹೊಳೆಯುತ್ತದೆ. ಯುರೇನಿಯಂ ಸೇರಿಸಿದ ಹಳದಿ-ಹಸಿರು ಗಾಜು ಕಣ್ಣಿಗೆ ಹೊಡೆಯುವಂತೆ ಬೆಳಗುತ್ತದೆ. ಅದನ್ನು ಕಪಾಟಿನಲ್ಲಿ ಇಡಬಹುದು, ತಿನ್ನಲು ಕುಡಿಯಲು ಬಳಸುವುದು ಬೇಡ.

ಮಂಕಾದ ಸೀಸೆಗೆ ಎಣ್ಣೆ ಸವರಿ ಹೊಳಪು ತೋರಿಸುವುದೂ ಉಂಟು. ಒಳಗೆ ಬಟ್ಟೆ ಹಾಕಿ ಒರೆಸಿ ನೋಡಿ, ಬಟ್ಟೆಗೆ ಜಿಡ್ಡು ಹತ್ತಿದರೆ ಗೊತ್ತಾಗುತ್ತದೆ.

ತೊಳೆಯುವುದು

ಒಳಗೆ ಏನಾದರೂ ಉಳಿದಿದ್ದರೆ ಮೂಸಬೇಡಿ, ರುಚಿ ನೋಡುವ ಮಾತೇ ಇಲ್ಲ. ಹಳೇ ಔಷಧಿಗಳಲ್ಲಿ ಪಾದರಸ, ಆರ್ಸೆನಿಕ್ ಇರುತ್ತಿದ್ದವು. ಬಾಯಿ ಬಿಗಿದು, ಚೀಟಿ ಬರೆದು ಪಕ್ಕಕ್ಕಿಡಿ. ಪರಿಚಯದ ಕೆಮಿಸ್ಟ್ರಿ ಮೇಷ್ಟರನ್ನು ಕೇಳಿ ಮುಂದುವರಿಯಿರಿ. ಮೋರಿಗೆ ಸುರಿಯಬೇಡಿ.

ಕಾಗದದ ಚೀಟಿ ಇದ್ದರೆ ಆ ಸೀಸೆಯನ್ನು ತೊಳೆಯಲೇಬೇಡಿ. ಮೆತ್ತನೆ ಬ್ರಷ್‌ನಿಂದ ಧೂಳು ಹೊಡೆದರೆ ಸಾಕು. ಚಿನ್ನದ ಬಣ್ಣ, ಎನಾಮೆಲ್ ಚಿತ್ರ ಇರುವ ಗಾಜಿಗೂ ಇದೇ ಮಾತು.

ಉಳಿದವನ್ನು ನೆರಳಿನಲ್ಲಿ ಪ್ಲಾಸ್ಟಿಕ್ ಬಕೆಟ್ಟಿನ ಬುಡಕ್ಕೆ ಹಳೇ ಟವೆಲ್ ಹಾಸಿ ನೆನೆಹಾಕಿ. ನೀರು ಸೀಸೆಯಷ್ಟೇ ಬೆಚ್ಚಗೆ ಅಥವಾ ತಣ್ಣಗೆ ಇರಬೇಕು. ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರು, ಒಂದು ರಾತ್ರಿ. ಒಳಗೆ ಬ್ರಷ್ ಹೋಗದಿದ್ದರೆ ಒಂದು ಹಿಡಿ ಅಕ್ಕಿ, ಸ್ವಲ್ಪ ಸೋಪಿನ ನೀರು ಹಾಕಿ ಮೆಲ್ಲಗೆ ಕುಲುಕಿ. ಮರಳು ಹಾಕಬೇಡಿ, ಗೀರು ಬೀಳುತ್ತದೆ. ನಮ್ಮ ಕೋಲಾರದ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಬಿಳೀ ಕಲೆ ಬಿಡುತ್ತದೆ. ಹಳೇ ಕಲೆಗೆ ನಿಂಬೆ ಉಪ್ಪು ಕರಗಿಸಿದ ನೀರು ಕೆಲಸ ಮಾಡುತ್ತದೆ. ಕೊನೆಯ ಸಲ ಮಾತ್ರ ಆರ್‌ಒ ನೀರಿನಲ್ಲೋ ಮಳೆನೀರಿನಲ್ಲೋ ಜಾಲಿಸಿ.

ಎಷ್ಟು ತೊಳೆದರೂ ಮಂಕು ಹೋಗದಿದ್ದರೆ ಅದು ಕೊಳೆಯಲ್ಲ. ಒದ್ದೆ ಮಣ್ಣಿನಲ್ಲಿ ಬಹುಕಾಲ ಇದ್ದು ಗಾಜಿನ ಕ್ಷಾರ ಹೊರಟುಹೋಗಿ ಮೇಲ್ಮೈ ಹಾಳಾಗಿದೆ. ಕೆಲವೊಮ್ಮೆ ಇದೇ ಕಾರಣಕ್ಕೆ ನವಿಲುಗರಿಯಂತೆ ಬಣ್ಣಬಣ್ಣದ ಪದರ ಕಟ್ಟುತ್ತದೆ. ಅದನ್ನು ಉಜ್ಜಬೇಡಿ. ಆ ಪದರಕ್ಕೇ ಆಸೆಪಡುವ ಸಂಗ್ರಾಹಕರಿದ್ದಾರೆ. ಗಾಜು ತಿನ್ನುವ ಆಸಿಡ್ ಬಳಸಿ ಹೊಳಪು ತರುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದು ಕೈಯ ಎಲುಬಿನವರೆಗೂ ಸುಡುತ್ತದೆ.

ಗಾಜಿನ ಬಿರಡೆ ಕಚ್ಚಿಕೊಂಡಿದ್ದರೆ ಸುತ್ತ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಎರಡು ದಿನ ಬಿಡಿ. ಆಮೇಲೆ ಕತ್ತಿಗೆ ಬೆಚ್ಚನೆ ಬಟ್ಟೆ ಸುತ್ತಿ, ಮರದ ಚಮಚದಿಂದ ಬಿರಡೆಗೆ ಮೆಲ್ಲಗೆ ಎರಡೂ ಕಡೆ ತಟ್ಟಿ. ತಿರುಚಿದರೆ ಕತ್ತು ಮುರಿಯುತ್ತದೆ.

ಬರೆದಿಡುವುದು

ಇದನ್ನು ಬಹಳ ಜನ ಬಿಡುತ್ತಾರೆ, ಆದರೆ ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಒಂದು ಗಟ್ಟಿ ನೋಟ್‌ಬುಕ್ ಇಡಿ. ಪ್ರತಿ ಸೀಸೆಗೆ ನಂಬರ್, ಎತ್ತರ, ಬಣ್ಣ, ಬುಡದ ಗುರುತು, ಗೆರೆ ನಿಂತ ಜಾಗ, ಅಕ್ಷರಗಳು ಇದ್ದ ಹಾಗೇ. ಆಮೇಲೆ ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ಅವರ ಮನೆಗೆ ಹೇಗೆ ಬಂದಿತ್ತು, ಅದರಲ್ಲಿ ಏನು ಇಡುತ್ತಿದ್ದರು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರ ಮನೆಯಿಂದ ಬಂದ ಬೋಳು ಸೀಸೆ, ಎಲ್ಲಿಂದ ಬಂತೋ ಗೊತ್ತಿಲ್ಲದ ಅಂದದ ಸೀಸೆಗಿಂತ ದೊಡ್ಡದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಗಣಿ ಕಾಲವನ್ನು ಕಣ್ಣಾರೆ ಕಂಡವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಅವರ ಮಾತನ್ನು ಕೇಳಿದ ದಿನವೇ ಬರೆಯಿರಿ, ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಸೀಸೆಯ ಮೇಲೆ ಅಂಟುವ ಸ್ಟಿಕರ್ ಹಾಕಬೇಡಿ. ಕತ್ತಿಗೆ ದಾರ ಕಟ್ಟಿ ನಂಬರಿನ ಚೀಟಿ ತೂಗುಬಿಡಿ.

ಫೋಟೊ ತೆಗೆಯುವಾಗ ಬೆಳಕು ಹಿಂದಿನಿಂದ ಬರಲಿ, ಹಿಂದೆ ಒಂದು ಬಿಳಿ ಹಾಳೆ ಹಿಡಿಯಿರಿ. ಉಬ್ಬಕ್ಷರಕ್ಕೆ ಪಕ್ಕದ ಬೆಳಕು ಒಳ್ಳೆಯದು. ಜೋಡಿಸಿಡುವ ಕಪಾಟಿಗೆ ನೇರ ಬಿಸಿಲು ಬೀಳದಿರಲಿ, ಹಲಗೆಯ ಅಂಚಿಗೆ ಒಂದು ಸಣ್ಣ ಪಟ್ಟಿ ಹೊಡೆಸಿ.

ಕಾನೂನು, ಕೊಡುಕೊಳ್ಳುವುದು

1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕರಕುಶಲ, ಕಲಾ ಮತ್ತು ಚಾರಿತ್ರಿಕ ವಸ್ತುಗಳು ಪ್ರಾಚ್ಯವಸ್ತು ಆಗಬಹುದು. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ವಿದೇಶದಿಂದ ಯಾರಾದರೂ ಆನ್‌ಲೈನ್‌ನಲ್ಲಿ ಕೇಳಿದರೆ ಒಪ್ಪಿಕೊಳ್ಳುವ ಮುಂಚೆ ಪುರಾತತ್ವ ಇಲಾಖೆಯನ್ನು ವಿಚಾರಿಸಿ.

ಸಂಗ್ರಾಹಕರ ನಡುವೆ ಅದಲು ಬದಲು ಮಾಡಿಕೊಳ್ಳುವುದೇ ಚೆಂದ. ನಿಮ್ಮ ಹತ್ತಿರ ಕೋಲಾರದ ಎರಡು ಸೋಡಾ ಸೀಸೆ ಇದ್ದು, ತುಮಕೂರಿನ ಗೆಳೆಯರ ಹತ್ತಿರ ಅಲ್ಲಿನ ಎರಡಿದ್ದರೆ ಒಂದೊಂದು ಬದಲಿಸಿಕೊಳ್ಳಿ, ನೋಟ್‌ಬುಕ್ಕಿನ ಆ ಪುಟದ ನಕಲನ್ನೂ ಜೊತೆಗೆ ಕೊಡಿ. ಬಸ್ಸಿನಲ್ಲಿ ಒಯ್ಯುವಾಗ ಪ್ರತಿ ಸೀಸೆಯನ್ನು ಬೇರೆ ಬೇರೆ ಹಳೇ ಪಂಚೆ ತುಂಡಿನಲ್ಲಿ ಸುತ್ತಿ, ಬಾಯಿಗೆ ಹತ್ತಿ ಇಟ್ಟು, ರಟ್ಟಿನ ಡಬ್ಬದೊಳಗೆ ಎಲ್ಲೂ ಸಂದು ಉಳಿಯದಂತೆ ಕಾಗದ ತುರುಕಿ. ಕುಲುಕಿದಾಗ ಸದ್ದು ಬಂದರೆ ಮತ್ತೆ ಬಿಚ್ಚಿ ತುಂಬಿ. ಬಸ್ಸಿನ ಮೇಲಿನ ಕ್ಯಾರಿಯರ್‌ನಲ್ಲಿ ಇಡದೆ ತೊಡೆಯ ಮೇಲೇ ಇಟ್ಟುಕೊಳ್ಳಿ. ಗೋಲಿ ಸೀಸೆಯನ್ನು ಮಾತ್ರ ಬಾಯಿ ಕೆಳಗೆ ಮಾಡಿ ಪ್ಯಾಕ್ ಮಾಡಬೇಕು. ಆಗ ಗೋಲಿ ಬಾಯಿಯ ಹತ್ತಿರ ಕೂತು, ದಾರಿಯುದ್ದಕ್ಕೂ ಒಳಗೆ ಬಡಿದಾಡುವುದು ಕಡಿಮೆಯಾಗುತ್ತದೆ.